ಹಸಿ ಹುಲ್ಲಿನ ಕಾವು

ಸಿರುಗುಪ್ಪದಲ್ಲಿ ಬಸ್ಸು ಹತ್ತಿದಾಗಿನಿಂದ ತೊಡೆಯ ಮೇಲಿನ ಚೀಲ ಬೆಚ್ಚಗಿದೆ ಎಂದು ಹಂಪೇಶನಿಗೆ ಅನ್ನಿಸುತ್ತಿತ್ತು. ಬೆಚ್ಚಗಿರಲು ಸಾಧ್ಯವಿರಲಿಲ್ಲ. ಅದರೊಳಗೆ ಇದ್ದದ್ದು ಹೋದ ವಾರ ಸುಟ್ಟುಹೋದ ಬಣವಿಯ ಬುಡದಿಂದ, ಊರು ಏಳುವ ಮೊದಲು ಹೋಗಿ ಗೋರಿಕೊಂಡು ಬಂದ ಒಂದಿಷ್ಟು ಭತ್ತದ ಹುಲ್ಲು. ಅರ್ಧ ಕರಿ, ಅರ್ಧ ಬೀಡಿ ಎಲೆಯ ಬಣ್ಣ. ಬೆಂಕಿ ಆರಿ ಎಷ್ಟೋ ದಿನ ಆಗಿತ್ತು. ಆದರೆ ಮೇ ತಿಂಗಳಲ್ಲಿ ಈ ಸೀಮೆಯವರ ತೊಡೆಯ ಮೇಲೆ ಏನಿಟ್ಟರೂ ಬೆಚ್ಚಗೇ ಇರುತ್ತದೆ, ಐಸ್ ಇಟ್ಟರೂ ಬಳ್ಳಾರಿ ಮುಟ್ಟುವುದರೊಳಗೆ ಚಾ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ನಗಲು ನೋಡಿದ. ಬರಲಿಲ್ಲ. ಪಕ್ಕದಲ್ಲಿ ಕೂತ ಮುದುಕಿ ಮೂಗು ಏರಿಸಿ, ಏನೋ ಸುಟ್ಟ ನಾತ ಬರಾಕತ್ತೈತಿ ಅಂದಳು. ಎಂಜಿನ್ನು ಇರಬೇಕವ್ವ ಅಂದ. ಅಂದ ಮೇಲೆ ಸಿಟ್ಟು ಬಂತು. ಮುದುಕಿಯ ಮೂಗಿನ ಮೇಲೆ, ಮುಚ್ಚಲು ಬಾರದ ಕಿಟಕಿಯ ಮೇಲೆ, ಪಾಪದ ಎಂಜಿನ್ನಿನ ಮೇಲೆ ಸುಳ್ಳು ಹೊರಿಸಿದ ತನ್ನ ನಾಲಿಗೆಯ ಮೇಲೆ. ಸುಳ್ಳು ಹೊರಿಸುವುದು ಎಷ್ಟು ಸಲೀಸು ಎಂದು ಆಗ ಗೊತ್ತಾಯಿತು. ಅವನ ಊರು ಕರೂರಿನವರೂ ಹೀಗೇ ಹೊರಿಸಿದ್ದರು, ನಾತ ಬಂದ ಕಡೆ ಯಾರು ಹತ್ತಿರ ಇದ್ದಾರೋ ಅವರ ಮೇಲೆ.

ಆದರೆ ಪೂರ್ತಿ ಸುಳ್ಳೇ? ಅದೇ ಅವನ ಕಂಟಕ. ಕರೂರಿನ ಮರಿಬಸಪ್ಪನ ಹಿತ್ತಲಲ್ಲಿ ಆ ಬಣವಿಯನ್ನು ಒಟ್ಟಿದವನು ಹಂಪೇಶನೇ. ಒಟ್ಟುವ ಹಿಂದಿನ ದಿನ ಅಕಾಲಕ್ಕೆ ಒಂದು ಮಳೆ ಬಿದ್ದಿತ್ತು. ಕೈಯಲ್ಲಿ ಹಿಡಿದರೆ ಹುಲ್ಲು ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು, ಹಿಂಡಿದರೆ ಅಂಗೈ ತೇವವಾಗುತ್ತಿತ್ತು. ಹಸಿ ಐತ್ರಿ, ಎರಡು ದಿನ ಹರವಿ ಬಿಡೂಣು ಅಂದಿದ್ದ. ಮರಿಬಸಪ್ಪ ಕಟ್ಟೆಯ ಮೇಲೆ ಕೂತಲ್ಲಿಂದಲೇ, ಉಳಿದ ಆಳುಗಳಿಗೂ ಕೇಳುವ ಹಾಗೆ, "ನಿನ್ನ ಹುಲ್ಲು ಒಟ್ಟಾಕ ಕರಸೀನಿ, ಹವಾಮಾನ ಹೇಳಾಕಲ್ಲ" ಅಂದಿದ್ದರು. ಅಷ್ಟೇ. ಹೊಡೆದಿರಲಿಲ್ಲ, ಕೂಲಿ ಹಿಡಿದಿರಲಿಲ್ಲ, ಮಧ್ಯಾಹ್ನ ಅವರ ಹೆಂಡತಿ ಕೊಟ್ರಬಸಮ್ಮ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಧಾರಾಳ ಹಾಕಿದ್ದಳು. ಆದರೂ ಆ ಮಾತು ಅಂಗಾಲಿಗೆ ಇಳಿಯಿತು. ಒಟ್ಟಬೇಕೇನು, ತಗೋ ಗಟ್ಟಿಯಾಗೇ ಒಟ್ಟತೀನಿ ಎಂದು ಬಣವಿಯ ಮೇಲೆ ಹತ್ತಿ ತುಳಿದ ತುಳಿತ ಅವನಿಗೆ ಈಗಲೂ ಕಾಲಿನ ಮೀನಖಂಡದಲ್ಲಿ ನೆನಪಿದೆ. ಬೇರೆ ಆಳುಗಳು ಹುಲ್ಲು ಎಸೆದು ಎಸೆದು ಸುಸ್ತಾದರೂ ಅವನು ತುಳಿಯುತ್ತಲೇ ಇದ್ದ, ಒಂದೊಂದು ಹೆಜ್ಜೆಗೂ ಮರಿಬಸಪ್ಪನ ಒಂದೊಂದು ಶಬ್ದವನ್ನು ಕಾಲಡಿಗೆ ಹಾಕಿಕೊಂಡು. ಹವಾಮಾನ ಎಂಬ ಶಬ್ದಕ್ಕೆ ಮಾತ್ರ ನಾಲ್ಕು ಸಲ ಕಾಲು ಬಿತ್ತು. ಅದಾದ ಮೇಲೆ ಆ ಮಾತು ಚಾದಂಗಡಿಗೆ ಬಂತು. ಅವನು ಬಂದು ಬೆಂಚಿನ ಮೇಲೆ ಕೂತರೆ, ಏನಪಾ ಹವಾಮಾನ ಇಲಾಖಿ, ಇವತ್ತು ಹೆಂಗೈತಿ ಎಂದು ಯಾರಾದರೂ ಕೇಳುವುದು, ಉಳಿದವರು ಸಾಸರಿನೊಳಗೆ ಮುಖ ಇಟ್ಟುಕೊಂಡು ನಗುವುದು. ಒಂದು ದಿನ ಮರಿಬಸಪ್ಪ ಸ್ವತಃ ಅಲ್ಲಿದ್ದಾಗ ಇವನು ಎದ್ದು ನಿಂತು, ಇಡೀ ಅಂಗಡಿಗೆ ಕೇಳುವ ಹಾಗೆ, ನಿಮ್ಮ ಬಣವಿಗೆ ಬೆಂಕಿ ಬೀಳ್ಲಿ ಅಂದ. ಊರಲ್ಲಿ ದಿನಕ್ಕೆ ಹತ್ತು ಮಂದಿ ಹತ್ತು ಮಂದಿಗೆ ಅನ್ನುವ ಮಾತು. ತಾಯಂದಿರು ಮಕ್ಕಳ ಬಾಯಿಗೆ, ಕಂಡಕ್ಟರು ಚಿಲ್ಲರೆಗೆ, ಎಲ್ಲರೂ ಎಲ್ಲದಕ್ಕೂ ಬೆಂಕಿ ಬೀಳಲಿ ಅನ್ನುತ್ತಾರೆ, ಎಲ್ಲಿಯೂ ಬೀಳುವುದಿಲ್ಲ. ಇದು ಬಿತ್ತು. ಮರುದಿನ ಮಧ್ಯಾಹ್ನವೇ ಬಿತ್ತು. ಅವನು ಆಗ ಕಾಲುವೆ ದಂಡೆಯ ಬೇವಿನ ಕೆಳಗೆ ಒಬ್ಬನೇ ಮಲಗಿ, ಚಾದಂಗಡಿಯಲ್ಲಿ ಇನ್ನೂ ಏನೇನು ಅನ್ನಬಹುದಿತ್ತು ಎಂದು ಜೋಡಿಸುತ್ತಿದ್ದ. ಹೊಗೆ ಕಂಡು ಓಡಿ ಬಂದು ಕೊಡ ಹಿಡಿದ. ನೀರು ಹಾಕಲು ಬಂದವನನ್ನು ಜನ ನೋಡಿದ ರೀತಿಯಲ್ಲಿ ಅವನ ಹೊಸ ಹೆಸರು ಆಗಲೇ ತಯಾರಾಗಿತ್ತು. ಹವಾಮಾನ ಹೋಗಿ ಬೆಂಕಿ ಹಂಪೇಶಿ ಆಯಿತು.

ಆ ಹೆಸರು ಉಳಿದರೆ ಮುಗಿಯಿತು. ಕರೂರಿನಿಂದ ಹಚ್ಚೊಳ್ಳಿಯ ತನಕ ಯಾವ ಹಿತ್ತಲಿನ ಬಾಗಿಲೂ ಅವನಿಗೆ ತೆರೆಯುವುದಿಲ್ಲ. ಹುಲ್ಲು ಇರುವ ಕಡೆಯೇ ಅವನ ಕೆಲಸ, ಬೆಂಕಿ ಹಂಪೇಶಿಯನ್ನು ಹುಲ್ಲಿನ ಹತ್ತಿರ ಯಾರು ಬಿಡುತ್ತಾರೆ? ತಾಯಿ ಜಡೆಮ್ಮ ಊರವರ ಜೊತೆ ಜಗಳ ಆಡಿ ಆಡಿ ಗಂಟಲು ಕಟ್ಟಿಸಿಕೊಂಡಿದ್ದಳು. ಕೊನೆಗೆ ಮರಿಬಸಪ್ಪನ ಪಕ್ಕದ ಮನೆಯ ಮೈಲಾರಪ್ಪ, ಊರಿನ ಎಲ್ಲ ನ್ಯಾಯದಲ್ಲಿಯೂ ಮುಂದೆ ಬಂದು ಕೂರುವ ಮನುಷ್ಯ, ತನ್ನ ಕೋಳಿಗಳು ಮರಿಬಸಪ್ಪನ ಹಿತ್ತಲಿಗೆ ನುಗ್ಗುವ ಬಗ್ಗೆ ಮಾತ್ರ ಯಾವ ನ್ಯಾಯಕ್ಕೂ ಒಪ್ಪದ ಮನುಷ್ಯ, ತೀರ್ಮಾನ ಹೇಳಿದ. ಮರಿಬಸಪ್ಪ ಹೆಂಗೂ ಸೋಮವಾರ ಕುರುಗೋಡಿನ ಬಸವಣ್ಣನಿಗೆ ಹೋಗುತ್ತಾರೆ. ಹುಡುಗನೂ ಬರಲಿ. ನಾ ಹಚ್ಚಿಲ್ಲ ಅಂತ ಬಸವಣ್ಣನ ಮುಂದೆ ಆಣೆ ಮಾಡಲಿ. ಮಾಡಿದರೆ ಮುಗೀತು. ಎಲ್ಲರೂ ಹೌದು ಅಂದರು, ಇಷ್ಟು ಸುಲಭದ್ದು ಯಾಕೆ ಮೊದಲೇ ಹೊಳೆಯಲಿಲ್ಲ ಎಂಬಂತೆ. ಹಂಪೇಶನಿಗೆ ಅಂದಿನಿಂದ ನಿದ್ದೆ ಹತ್ತಿರಲಿಲ್ಲ. ನಾ ಹಚ್ಚಿಲ್ಲ. ಹೌದು, ಕಡ್ಡಿ ಗೀರಲಿಲ್ಲ. ಆದರೆ ಬಸವಣ್ಣ ಏನು ಪೊಲೀಸನೇ, ಕಡ್ಡಿಪೆಟ್ಟಿಗೆ ಮಾತ್ರ ಹುಡುಕುವುದಕ್ಕೆ? ನಾಲಿಗೆ ನೋಡುವುದಿಲ್ಲವೇ? ಹೊಗೆ ಕಂಡ ಆ ಮೊದಲ ಕ್ಷಣ, ಕೊಡ ನೆನಪಾಗುವುದಕ್ಕಿಂತ ಮೊದಲು, ಎದೆಯೊಳಗೆ ಹೋಳಿಗೆ ತಿಂದ ಹಾಗೆ ಆಗಿತ್ತಲ್ಲ, ಅದನ್ನು ನೋಡುವುದಿಲ್ಲವೇ? ಬಣವಿ ತಾನೇ ಹತ್ತಿಕೊಳ್ಳುತ್ತದೆ, ತನ್ನ ತವರಿನ ಕಡೆ ಒಮ್ಮೆ ಹಾಗಾಗಿತ್ತು ಎಂದು ಜಡೆಮ್ಮ ಕಟ್ಟಿದ ಗಂಟಲಿನಲ್ಲಿ ಹೇಳಿದ್ದಳು. ಆದರೆ ಅಲ್ಲಿ ಅದನ್ನು ದೆವ್ವದ ಲೆಕ್ಕಕ್ಕೆ ಬರೆದಿದ್ದರಂತೆ. ಹಂಪೇಶನಿಗೆ ದೆವ್ವ ಬೇಕಿರಲಿಲ್ಲ. ಚಷ್ಮಾ ಹಾಕಿಕೊಂಡ ಯಾರಾದರೂ ಬೇಕಿತ್ತು. ಅವನಿಗೆ ಗೊತ್ತಿದ್ದ ಚಷ್ಮಾ ಒಂದೇ.

ಬಳ್ಳಾರಿಯಲ್ಲಿ ಬಸ್ಸಿಳಿದು ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗೋಪಾಲಕೃಷ್ಣ ಮೇಷ್ಟ್ರು ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು, ನಿವೃತ್ತಿಯಾಗಿ ಇಲ್ಲಿ ಮನೆ ಕಟ್ಟಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ, ಬೇಸಿಗೆಯ ಇಂಥದೇ ಒಂದು ಮುಂಜಾನೆ, ಕಟ್ಟಿಗೆಗಿಂತ ಕಬ್ಬಿಣ ಯಾಕೆ ಜಾಸ್ತಿ ಬಿಸಿ ಅನ್ನಿಸುತ್ತದೆ ಎಂದು ಇವನನ್ನು ಎಬ್ಬಿಸಿ ಕೇಳಿದ್ದರು. ಕಬ್ಬಿಣಕ್ಕೆ ಸಿಟ್ಟು ಜಾಸ್ತಿ ಸಾರ್ ಎಂದು ಇವನು ಮನಸ್ಸಿಟ್ಟು ಹೇಳಿದ್ದ, ತಮಾಷೆಗಲ್ಲ. ನಿನ್ನ ತಲೀ ಒಳಗ ಹುಲ್ಲು ತುಂಬ್ಯದಲೋ ಅಂದಿದ್ದರು ಮೇಷ್ಟ್ರು, ಅವರೂ ತಮಾಷೆಗಲ್ಲ. ಹುಡುಗಿಯರ ಸಾಲು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಅದೇ ತಿಂಗಳು ಸಾಲೆ ಬಿಟ್ಟ. ಬಿಡಲು ಬೇರೆ ಕಾರಣಗಳು ಇದ್ದವು, ಆದರೆ ಆ ಕಾರಣಗಳ ಮೇಲೆ ಸಿಟ್ಟು ಮಾಡಲು ಬರುತ್ತಿರಲಿಲ್ಲ, ಮೇಷ್ಟ್ರ ಮೇಲೆ ಬರುತ್ತಿತ್ತು. ಈಗ ಅವರ ಬಾಗಿಲಲ್ಲಿ ಚೀಲ ಹಿಡಿದು ನಿಂತಾಗ ಮೊದಲು ಆಡಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು: ಸಾರ್, ತಲಿಯೊಳಗಿನ ಹುಲ್ಲು ತಂದೀನ್ರಿ, ಒಂದಿಷ್ಟು ಸುಟ್ಟೈತಿ. ಬಸ್ಸಿನಲ್ಲಿ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಮೇಷ್ಟ್ರು ಬಾಗಿಲು ತೆಗೆದು ಯಾರಪಾ ನೀನು ಅಂದಾಗ ಅದು ಒಡೆದ ಹಾಲಿನ ಹಾಗೆ ಬಾಯಲ್ಲೇ ಉಳಿಯಿತು. ಅವರಿಗೆ ನೆನಪೇ ಇರಲಿಲ್ಲ. ಇಷ್ಟು ವರ್ಷ ಬಿಡದೆ ಕಾಯಿಸಿಟ್ಟುಕೊಂಡ ಸಿಟ್ಟಿಗೆ ಎದುರು ಕಡೆ ಒಲೆಯೇ ಇರಲಿಲ್ಲ. ನಿಮ್ಮ ಶಿಷ್ಯ ರೀ ಎಂದು ಮಾತ್ರ ಹೇಳಿ, ಆ ಶಬ್ದಕ್ಕೆ ತನಗೇ ನಾಚಿಕೆಯಾಗಿ, ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ.

ಒಳಗೆ ಎಸಿ ಹಾಕಿದ್ದರು. ಹಂಪೇಶ ಎಸಿಯೊಳಗೆ ಕೂತದ್ದು ಅದೇ ಮೊದಲು. ಬೆವರು ಒಮ್ಮೆಗೇ ತಣ್ಣಗಾಗಿ ಅಂಗಿ ಬೆನ್ನಿಗೆ ಬೇರೆ ಯಾರದೋ ಕೈಯಂತೆ ಹತ್ತಿಕೊಂಡಿತು. ದವಡೆ ಬಿಗಿಯಿತು. ಹೊರಗೆ ಬಾಯಿ ತೆರೆದರೆ ನಾಲ್ಕು ಊರಿಗೆ ಕೇಳುವವನು, ಬಣವಿಯ ಕಥೆಯನ್ನು ಗೋಡೆಯ ಕ್ಯಾಲೆಂಡರಿಗೆ ಹೇಳುವ ಹಾಗೆ ತೊದಲುತ್ತ ಹೇಳಿದ. ಮೇಷ್ಟ್ರು ಚೀಲವನ್ನು ಪೇಪರಿನ ಮೇಲೆ ಸುರುವಿ, ಕರಿಯದನ್ನು ಬದಿಗೆ ತಳ್ಳಿ, ಕಂದು ಹುಲ್ಲನ್ನು ಮೂಸಿ ನೋಡಿದರು. ಮುಖ ಅರಳಿತು. ಹೆಂಡತಿ ವಿಜಯಾಬಾಯಿ ಕಾಫಿ ತಂದವಳು ಪೇಪರಿನ ಮೇಲಿನ ಕಸ ನೋಡಿ, ಈಗಷ್ಟೇ ನೆಲ ಒರಸೀನಿ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಒಳಗೆ ಹೋದಳು. ಯಾರರ ಹಚ್ಚಿದ್ರ ಹೊರಗಿಂದ ಒಳಗ ಸುಡ್ತದ, ಇದು ಒಳಗಿಂದ ಹೊರಗ ಬಂದದ ಎಂದರು ಮೇಷ್ಟ್ರು. ಹಂಪೇಶನ ದವಡೆ ಒಂದಿಷ್ಟು ಸಡಿಲಾಯಿತು. ಆಮೇಲೆ ಅವರು ಹೇಳುತ್ತ ಹೋದರು, ಬೋರ್ಡು ಇಲ್ಲದ್ದರಿಂದ ಗಾಳಿಯ ಮೇಲೆ ಬರೆಯುತ್ತ. ಹುಲ್ಲಿಗೆ, ಮಣ್ಣಿಗೆ ಕಣ್ಣಿಗೆ ಕಾಣದ ಜೀವಗಳು ಹತ್ತಿಕೊಂಡೇ ಇರುತ್ತವೆ. ಹುಲ್ಲು ಹಸಿ ಇದ್ದರೆ ಅವಕ್ಕೆ ಊಟದ ಮನೆ. ಮೊದಲು ಕೂರುವುದು ನಮ್ಮ ನಿಮ್ಮಂಥ ಜೀವಗಳು, ನಮಗೆ ಹಿತವಾದ ಬಿಸಿಯೇ ಅವಕ್ಕೂ ಹಿತ. ಉಣ್ಣುತ್ತವೆ, ಉಂಡರೆ ಕಾವು ಏಳುತ್ತದೆ, ಬಣವಿ ಗಟ್ಟಿಯಿದ್ದರೆ ಕಾವಿಗೆ ಹೊರಗೆ ಹೋಗಲು ದಾರಿಯಿಲ್ಲ. ತಮ್ಮ ಕಾವಿಗೆ ತಾವೇ ಬೆಂದು ಆ ಪಂಕ್ತಿ ಎದ್ದುಹೋಗುತ್ತದೆ. ಆಗ ಎರಡನೆಯ ಪಂಕ್ತಿ. ಇವು ಬಿಸಿಯೇ ಬೇಕು ಅನ್ನುವ ಜೀವಗಳು. ನಾವು ಕೈ ಇಟ್ಟರೆ ಬೊಬ್ಬೆ ಏಳುವ ಬಿಸಿಯಲ್ಲಿ ಇವು ಸಂಸಾರ ಮಾಡುತ್ತವೆ. ಅಲ್ಲಿಯ ತನಕ ಎಲ್ಲಿದ್ದವು ಎಂದು ಹಂಪೇಶ ಕೇಳಿಯೇ ಬಿಟ್ಟ.

"ಅಲ್ಲೇ ಇದ್ವು. ಚಳಿಗೆ ಮುದುಡಿಕೊಂಡು ಕೂತಿದ್ವು," ಎಂದರು ಮೇಷ್ಟ್ರು. "ನಮ್ಮ ಬಳ್ಳಾರಿ ಬ್ಯಾಸಿಗಿ ಅವಕ್ಕ ಚಳಿಗಾಲ."

ಹಂಪೇಶನಿಗೆ ಇದು ಎಷ್ಟು ಹಿಡಿಸಿತೆಂದರೆ ಮುಂದಿನ ಎರಡು ವಾಕ್ಯ ಕೇಳಿಸಲೇ ಇಲ್ಲ. ಹೊರಗಿನ ಈ ಕೆಂಡದಂಥ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತ ಜೀವ! ಮತ್ತೆ ಕಿವಿ ಬಂದಾಗ ಮೇಷ್ಟ್ರು ತುಪ್ಪದ ಮಾತು ಆಡುತ್ತಿದ್ದರು. ತಣ್ಣಗಾದರೆ ಅವುಗಳ ಮೈತೊಗಲಿನ ಜಿಡ್ಡು ಹೆಪ್ಪುಗಟ್ಟಿದ ತುಪ್ಪದ ಹಾಗೆ ಬಿರುಸಾಗುತ್ತದಂತೆ, ಊಟ ಒಳಗೆ ಬರುವುದಿಲ್ಲ, ಕಸ ಹೊರಗೆ ಹೋಗುವುದಿಲ್ಲ. ಕೆಲವು ಜಾಣ ಜೀವಗಳು ಆ ಜಿಡ್ಡನ್ನೇ ಸ್ವಲ್ಪ ಸ್ವಲ್ಪ ಬದಲಿಸಿ ಮೈ ಸಡಿಲ ಮಾಡಿಕೊಳ್ಳುತ್ತವೆ. ಉಳಿದವು ಸುಮ್ಮನೆ ಕೂರುತ್ತವೆ. ಸಾಯುವುದಿಲ್ಲ. ಹೆಚ್ಚಿನವು ತಣ್ಣಗಾದರೆ ಸಾಯುವುದಿಲ್ಲ ಎಂದು ಮೇಷ್ಟ್ರು ಎರಡು ಸಲ ಹೇಳಿದರು, ಪರೀಕ್ಷೆಗೆ ಬರುವ ಪ್ರಶ್ನೆಯಂತೆ. ಹಂಪೇಶ ಕುರ್ಚಿಯ ತುದಿಯಲ್ಲಿ ತನ್ನ ಬಿರುಸಾದ ಮೊಣಕಾಲನ್ನು ಮುಟ್ಟಿ ನೋಡಿಕೊಂಡ. ಆಪತ್ತು ಇರುವುದು ಮೇಲಿನ ಕಡೆ. ಅವಕ್ಕೂ ಒಂದು ಮಿತಿ ಇದೆ, ಆದರೆ ಉಣ್ಣುವಾಗ ಆ ಮಿತಿ ಅವಕ್ಕೆ ಗೊತ್ತಾಗುವುದಿಲ್ಲ. ಬಿಸಿ ಬೇಕು ಬಿಸಿ ಬೇಕು ಎಂದು ಉಂಡು ಉಂಡು, ಒಂದು ದಿನ ತಮ್ಮದೇ ಬಿಸಿ ತಮಗೆ ಮೀರುತ್ತದೆ. ಮೀರಿದರೆ ಏನಾಗುತ್ತದೆ ಅಂದರೆ, ಎಂದು ಮೇಷ್ಟ್ರು ನಿಲ್ಲಿಸಿ ಅಡುಗೆಮನೆಯ ಕಡೆ ನೋಡಿ, ಮುಂದೆ ಬಾಗಿ, ದನಿ ಇಳಿಸಿದರು. ಕೋಳಿ ತತ್ತಿ ಕುದಿಸಿದ್ರ ಒಳಗಿಂದು ಬೆಳ್ಳಗ ಗಟ್ಟಿ ಆಗ್ತದಲ್ಲ, ಹಂಗ. ಒಳಗಿನಿಂದ ವಿಜಯಾಬಾಯಿ ಏನಂದ್ರಿ ಅಂದಳು. ಹಾಲು ಒಡೀತದಲ್ಲ, ಅದನ್ನ ಹೇಳಿದೆ ಎಂದು ಮೇಷ್ಟ್ರು ಗಟ್ಟಿಯಾಗಿ ಅಂದು, ಹಂಪೇಶನಿಗೆ ಕಣ್ಣು ಹೊಡೆದರು. ಈ ಮನುಷ್ಯನ ಮೇಲೆ ಹಿಡಿದ ಸಿಟ್ಟು ಇನ್ನು ಮೇಲೆ ಉಳಿಸಿಕೊಳ್ಳುವುದು ಹೇಗೆ ಎಂದು ಅವನಿಗೆ ಗಾಬರಿಯಾಯಿತು. ಹಾಗೆ ಗಟ್ಟಿಯಾಗಿ ಹೋಗಬಾರದೆಂದು ಆ ಜೀವಗಳ ಒಳಗೆ ಸಣ್ಣ ಸಣ್ಣ ಆರೈಕೆಗಾರರು ಇರುತ್ತಾರಂತೆ. ಬಿಚ್ಚಿಹೋಗುತ್ತಿರುವ ಎಳೆಗಳನ್ನು ಹಿಡಿದು ಹಿಡಿದು ಮತ್ತೆ ಮಡಿಸುವುದೇ ಅವರ ಕೆಲಸ. ಬಿಸಿ ಏರಿದಷ್ಟೂ ಅವರನ್ನು ಹೆಚ್ಚು ಹೆಚ್ಚು ಹುಟ್ಟಿಸುತ್ತವೆ. ಅದೂ ಸಾಲದಾದರೆ ಕೆಲವು ಜೀವಗಳು ಮುಖ್ಯವಾದದ್ದನ್ನೆಲ್ಲ ಗಟ್ಟಿ ಕವಚದೊಳಗೆ ಹಾಕಿ ಬೀಗ ಜಡಿದು ಕೂರುತ್ತವೆ. ಉಳಿದವು ಸಾಯುತ್ತವೆ. ಆದರೆ ಬಣವಿಯ ಬಿಸಿ ನಿಲ್ಲುವುದಿಲ್ಲ, ಅದಕ್ಕೆ ಈಗ ಯಾವ ಜೀವವೂ ಬೇಕಾಗಿಲ್ಲ, ಹುಲ್ಲು ತನ್ನಷ್ಟಕ್ಕೆ ಕಾಯುತ್ತದೆ. ಒಂದು ದಿನ ಯಾರೋ ಹುಲ್ಲು ಹಿರಿಯುತ್ತಾರೆ, ಆ ಕಿಂಡಿಯಿಂದ ಗಾಳಿ ಹೋಗುತ್ತದೆ, ಹತ್ತಿಕೊಳ್ಳುತ್ತದೆ.

ಅಂದರೆ ಇಲ್ಲ. ಅವನು ಹಚ್ಚಿಲ್ಲ. ನಾಲಿಗೆಯೂ ಹಚ್ಚಿಲ್ಲ. ಕುಣಿಯಬೇಕು ಅನ್ನಿಸಿತು, ಮೊಣಕಾಲು ಬಿರುಸಾಗಿದ್ದರಿಂದ ಕುಣಿಯಲಿಲ್ಲ. ಆಗ ಮೇಷ್ಟ್ರು ಕಂದು ಹುಲ್ಲಿನ ಒಂದು ಹೆಂಟೆಯನ್ನು ಬೆರಳಲ್ಲಿ ಒಡೆಯಲು ನೋಡಿದರು, ಅದು ಒಡೆಯಲಿಲ್ಲ. ಏನಪಾ ಇಷ್ಟು ಗಟ್ಟಿ ತುಳಿದಾರ, ಸಾಧಾರಣ ಹಸಿ ಇದ್ದಿದ್ದು ಇಷ್ಟು ಕಾಯ್ತಿರ್ಲಿಲ್ಲ, ಯಾರು ತುಳಿದದ್ದು ಅಂದರು. ಯಾರೋ ಕೂಲಿಯಾಂವ ರೀ ಅಂದ ಹಂಪೇಶ. ಭಾಳ ಸಿಟ್ಟಿನ ಮನುಷ್ಯ ಇರಬೇಕು ಎಂದು ಮೇಷ್ಟ್ರು ನಕ್ಕರು. ಕುರುಗೋಡಿಗೆ ಬಂದು ಇದನ್ನೇ ಹೇಳ್ತೀರೇನ್ರಿ ಎಂದು ಕೇಳಿದ್ದಕ್ಕೆ ಕಿಟಕಿಯ ಕಡೆ ನೋಡಿ, ಈ ಬಿಸಿಲಾಗ ನಾ ಬಂದ್ರ ಕವಚ ಹಾಕ್ಕೋಬೇಕಾಗ್ತದ ಅಂದರು. ಆಮೇಲೆ ಬಾಗಿಲ ತನಕ ಬಂದು, ಬೆಂಕಿ ಬೀಳೂಕಿಂತ ಮೊದಲ ಬಣವಿ ಕಾದಿತ್ತು ಅಂತ ಯಾರರ ಕಂಡಿದ್ರ ಸಾಕು, ನನ್ನ ವಿಜ್ಞಾನಕ್ಕಿಂತ ಅದು ನಡೀತದ ಎಂದು ಹೇಳಿ, ಹುಲ್ಲನ್ನೆಲ್ಲ ತಾವೇ ಚೀಲಕ್ಕೆ ತುಂಬಿ ಕೊಟ್ಟರು. ಒಂದು ಎಳೆಯನ್ನೂ ನೆಲದ ಮೇಲೆ ಬಿಡಲಿಲ್ಲ, ಅದು ವಿಜಯಾಬಾಯಿಯ ಹೆದರಿಕೆಗೋ, ಹುಲ್ಲಿನ ಮೇಲಿನ ಮಮತೆಗೋ.

ಅವತ್ತೇ ಆ ಸೋಮವಾರ. ಕುರುಗೋಡಿನ ಬಸ್ಸಿನಲ್ಲಿ ನಿಂತುಕೊಂಡೇ ಹೋದ. ಮೈ ಮತ್ತೆ ತನ್ನ ಬಿಸಿಗೆ ಬಂದು ದವಡೆ ಸಡಿಲಾಗಿ, ಒಳಗಿನ ಮಾತುಗಳು ಒಂದೊಂದಾಗಿ ಎದ್ದು ಕೂತವು. ಮೊದಲ ಪಂಕ್ತಿ ಸಂತೋಷದ್ದು: ನಾ ಹಚ್ಚಿಲ್ಲ, ಅದೇ ಹತ್ತಿಕೊಂಡಿತು. ಸಿಂಧನೂರಿನಿಂದ ಬಂದ ಲಾರಿಯೊಂದು ಹುಲ್ಲಿನ ಹೊರೆ ಹೊತ್ತು ಎದುರಿಗೆ ಹಾದುಹೋದಾಗ ಎರಡನೆಯ ಪಂಕ್ತಿ ಎದ್ದಿತು. ಅದಕ್ಕೆ ಕಾವು ಹೊರಗೆ ಹೋಗದ ಹಾಗೆ ಮನೆ ಕಟ್ಟಿಕೊಟ್ಟವನು ಯಾರು? ಹಸಿ ಅಂತ ಗೊತ್ತಿತ್ತು. ಗೊತ್ತಿದ್ದೇ ತುಳಿದದ್ದು. ಬೆಂಕಿ ಬೀಳುತ್ತದೆಂದು ಗೊತ್ತಿರಲಿಲ್ಲ, ಸರಿ, ಆದರೆ ಕೊಳೆಯಲಿ, ದನ ಮೂಸಿ ನೋಡಬಾರದು, ಆಗ ಹವಾಮಾನ ನೆನಪಾಗಲಿ ಎಂದು ಹಾರೈಸಿ ತುಳಿದದ್ದು ಹೌದಲ್ಲ? ನಾಲಿಗೆ ಪಾರಾಯಿತು, ಅಂಗಾಲು ಸಿಕ್ಕಿಬಿತ್ತು. ವಿಜ್ಞಾನ ಕೇಳಲು ಹೋಗಿ ಇದ್ದ ಒಂದು ನೆಪವನ್ನೂ ಕಳೆದುಕೊಂಡು ಬಂದೆನಲ್ಲ ಎಂದು ಮೇಷ್ಟ್ರ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ. ಕಣ್ಣು ಹೊಡೆದದ್ದು ಅಡ್ಡ ಬಂತು.

ಗುಡಿಯ ಬಾಗಿಲು ಹಾಕಿತ್ತು. ಪೂಜಾರಿ ಊಟಕ್ಕೆ ಹೋಗಿದ್ದಾನೆ, ಬರುತ್ತಾನೆ ಎಂದು ಮೈಲಾರಪ್ಪ ಹೇಳಿದ. ಅವನೂ ಕೊಟ್ರಬಸಮ್ಮನೂ ಗೋಡೆಯ ಬುಡದ ಗೇಣಗಲ ನೆರಳಿನಲ್ಲಿ ಕೂತಿದ್ದರು. ಮರಿಬಸಪ್ಪ ಮಾತ್ರ, ಬಿಳೀ ಧೋತರ, ಹಣೆಗೆ ವಿಭೂತಿ, ಅಂಗಳದ ಕಲ್ಲುಹಾಸಿನ ನಡುವೆ ಬಿಸಿಲಿನಲ್ಲೇ ನಿಂತಿದ್ದರು. ಪೂಜಾರಿ ಬರುವ ದಾರಿ ನೋಡಲು ಅಲ್ಲಿಗೆ ಹೋಗಿರಬೇಕು. ಆದರೆ ಹಂಪೇಶನನ್ನು ಕಂಡ ಮೇಲೆ ನೆರಳಿಗೆ ವಾಪಸು ಹೋಗುವುದು ಅವರಿಗೆ ಸೋಲಿನ ಹಾಗೆ ಕಂಡಿತೋ ಏನೋ, ನಿಂತೇ ಇದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದ ಹಂಪೇಶ ಅವರ ಎದುರು ಹೋಗಿ ನಿಂತ. ನಿಲ್ಲಬೇಕೆಂದು ನಿಂತದ್ದಲ್ಲ, ನೆರಳಿಗೆ ಹೋದರೆ ತಪ್ಪಿತಸ್ಥ ಹೋದ ಹಾಗಾಗುತ್ತದೆ ಎಂದು ಕಾಲು ತಾನೇ ತೀರ್ಮಾನ ಮಾಡಿತು. ಕಲ್ಲು ಕಾದ ಹಂಚಾಗಿತ್ತು. ಮೊದಲು ಹಿಮ್ಮಡಿ ಸುಟ್ಟಿತು, ಬೆರಳಿಗೆ ಭಾರ ಬಿಟ್ಟ. ಬೆರಳು ಸುಟ್ಟವು, ಹಿಮ್ಮಡಿಗೆ ಬಂದ. ಎದುರಿಗಿದ್ದ ಮುದಿ ಪಾದಗಳೂ ಧೋತರದಂಚಿನ ಕೆಳಗೆ ಅದನ್ನೇ ಮಾಡುತ್ತಿದ್ದವು, ಮರ್ಯಾದೆಯಿಂದ, ಯಾರಿಗೂ ಕಾಣದ ಹಾಗೆ. ಇಬ್ಬರೂ ಮುಖ ಗಂಭೀರ ಇಟ್ಟುಕೊಂಡು ಕೆಳಗೆ ಸಣ್ಣಗೆ ಕುಣಿಯುತ್ತಿದ್ದರು. ಹಂಪೇಶ ತನ್ನ ಅಂಗಾಲಿನೊಳಗೆ ಆ ಆರೈಕೆಗಾರರು ಓಡಾಡುತ್ತಿರುವುದನ್ನು ಕಂಡ: ಇಲ್ಲಿ ಬಿಚ್ಚಿತು, ಮಡಿಸ್ರಿ, ಅಲ್ಲಿ ಬಿಚ್ಚಿತು, ಓಡ್ರಿ. ಮುದುಕನ ಕಾಲಲ್ಲಿ ಅವರು ಎಷ್ಟು ಮಂದಿ ಉಳಿದಿದ್ದಾರು? ಇನ್ನು ಸ್ವಲ್ಪ ತಡೆದರೆ ತಾನೇ ಗೆಲ್ಲುವುದು. ಗೆದ್ದರೆ ಏನು ಗೆದ್ದ ಹಾಗೆ ಎಂದು ಯೋಚಿಸಲು ಬಿಸಿ ಬಿಡುತ್ತಿರಲಿಲ್ಲ. ನೆರಳಿಗೆ ಬರ್ರಿ ಎಂದು ಕೊಟ್ರಬಸಮ್ಮ ಕರೆದಳು. ಇಬ್ಬರೂ ಕೇಳಿಸದವರಂತೆ ನಿಂತರು. ಹುಡುಗಾ, ಬಣವಿ ತಾನಾ ಹತ್ತಿಕೊಂತು ಅಂತ ನಿಮ್ಮವ್ವ ಊರೆಲ್ಲಾ ಹೇಳ್ಕೊಂತ ತಿರಗ್ಯಾಳಂತಲ್ಲ ಎಂದು ಮೈಲಾರಪ್ಪ ನೆರಳಿನಿಂದ ಕೆಣಕಿದ. ಹಂಪೇಶ, ಸುಡುವ ಕಾಲಿನ ಮೇಲೆ ನಿಂತು, ಮೇಷ್ಟ್ರು ಹೇಳಿದ್ದನ್ನು ಹೇಳಲು ಹೊರಟ. ಎರಡು ಪಂಕ್ತಿ, ತುಪ್ಪ, ಕವಚ ಎಲ್ಲ ಉಲ್ಟಾಪಲ್ಟಾ ಆಯಿತು. ಬಣವಿಯೊಳಗೆ ಚಳಿಗೆ ಕೂತ ಜೀವಗಳಿಗೆ ಎಚ್ಚರ ಆಯಿತು ಅಂದಾಗ ಮೈಲಾರಪ್ಪ ತೊಡೆ ತಟ್ಟಿಕೊಂಡು ನಕ್ಕ. ಬಣವಿ ಒಳಗ ಅಷ್ಟು ಬಿಸಿ ಇತ್ತಂದ್ರ ಯಾರರ ಒಬ್ಬರಿಗೆ ಕಾಣಬೇಕಿತ್ತಿಲ್ಲೋ, ಯಾರ ಕಂಡಾರ ಹೇಳು ಅಂದ.

ಕೊಟ್ರಬಸಮ್ಮ ಗುಡಿಯ ಮುಚ್ಚಿದ ಬಾಗಿಲ ಕಡೆ ತಿರುಗಿ ಕೈ ಮುಗಿದಳು. ತಪ್ಪಾತು ನಮ್ಮಪ್ಪ ಎಂದು ಸಣ್ಣಗೆ ಅಂದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಯಾರನ್ನೂ ನೋಡದೆ ಹೇಳಿದಳು.

"ನಾ ಕಂಡೀನಿ. ಬೆಂಕಿ ಬೀಳೂಕಿಂತ ಎರಡು ದಿನ ಮೊದ್ಲ ಹುಲ್ಲು ಹಿರಿಯಾಕ ಕೈ ಹಾಕಿದ್ನಿ, ಒಳಗ ಸುಡತಿತ್ತು. ಹುಲ್ಲಿನ ಸಂದ್ಯಾಗ ಒಂದು ತತ್ತಿ ಇತ್ತು. ಸಲಿಕೀಲೆ ಎತ್ತಿ ಗ್ವಾಡಿ ಆಚಿ ಒಗದ್ನಿ. ಇಣುಕಿ ನೋಡಿದ್ರ ಒಡದಿತ್ತು, ಹರಿದಿರಲಿಲ್ಲ. ಬೆಂದಿತ್ತು."

ಮರಿಬಸಪ್ಪ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಬಣವಿ ಸುಟ್ಟದ್ದಕ್ಕಿಂತ ದೊಡ್ಡ ಸಂಕಟ ಇತ್ತು. ಅವರ ಹಿತ್ತಲಲ್ಲಿ. ತತ್ತಿ. ಯಾಕ ಹೇಳ್ಲಿಲ್ಲ ಎಂದು ಅವಳನ್ನು ಕೇಳಿದರು.

"ಲಿಂಗ ಕಟ್ಟಿದ ಮನ್ಯಾಗ ತತ್ತಿ ಸಿಕ್ತು ಅಂತ ಡಂಗುರ ಹೊಡಸ್ಲೇನ್ರಿ? ಈ ಹುಡುಗನ್ನ ಬಸವಣ್ಣನ ಮುಂದ ನಿಂದ್ರಸ್ತೀರಿ ಅಂದ ಮ್ಯಾಲೆ ನನಗ ರೊಟ್ಟಿ ಇಳೀವಲ್ದು."

ಅಷ್ಟರಲ್ಲಿ ಮೈಲಾರಪ್ಪ ಎದ್ದು ನಿಂತಿದ್ದ. ಅವನ ಮುಖದಲ್ಲಿ ನ್ಯಾಯ ಹೇಳುವವನ ಗತ್ತು ಪೂರ್ತಿ ಕರಗಿ, ಮೋಸ ಹೋದ ಮನುಷ್ಯನ ಮುಖ ಹೊರಬಂದಿತ್ತು. ತನ್ನ ಅಂಗಳದಲ್ಲಿ ಬೆಂದ ತತ್ತಿಯೊಂದು ಆಕಾಶದಿಂದ ಬಂದು ಬಿದ್ದದ್ದು ನೋಡಿ, ಯಾರೋ ಮಾಟ ಮಾಡಿಸಿದ್ದಾರೆಂದು ಅವನು ಮೋಕಾ ಊರಿನ ತನಕ ಹೋಗಿ, ಬಲ್ಲವರನ್ನು ಕೇಳಿ, ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ದನಂತೆ. ಹೊಸ್ತಿಲಿಗೆ ಮೊಳೆ ಹೊಡೆಸಿದ್ದನಂತೆ. ಅಂದಿನಿಂದ ಹೆಂಡತಿಯನ್ನು ಸಂಜೆಯ ಮೇಲೆ ಹೊರಗೆ ಬಿಟ್ಟಿಲ್ಲವಂತೆ. ನಮ್ಮ ಕೋಳಿದ ಅದು ಎಂದು ಅವನು ಬಾಯಿ ಬಿಟ್ಟು ಹೇಳಿದ ಮೇಲೆಯೇ ತಾನು ಏನು ಒಪ್ಪಿಕೊಂಡೆ ಎಂದು ಗೊತ್ತಾದದ್ದು. ಇಷ್ಟು ವರ್ಷ ತನ್ನ ಕೋಳಿ ಆ ಹಿತ್ತಲಿಗೆ ಕಾಲಿಟ್ಟೇ ಇಲ್ಲ ಎಂದು ವಾದಿಸಿದವನು. ಕೊಟ್ರಬಸಮ್ಮ ಸೆರಗಿನೊಳಗೆ ಮೊದಲು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಮರಿಬಸಪ್ಪನ ಹೊಟ್ಟೆ ಧೋತರದ ಮೇಲೆ ಅಲುಗಾಡತೊಡಗಿತು, ಅಲುಗಾಡುತ್ತಿರುವಾಗಲೇ ಅವರು ಅಯ್ಯಯ್ಯ ಕಾಲು ಎಂದು ಓಡಿಹೋಗಿ ನೆರಳು ಸೇರಿದರು. ಅಂಗಳದ ನಡುವೆ ಹಂಪೇಶ ಒಬ್ಬನೇ ಉಳಿದ.

ಗೆದ್ದಿದ್ದ. ಆದರೆ ಬೆಳಗಿನಿಂದ ಹೊಟ್ಟೆಯಲ್ಲಿ ಕಾಯಿಸಿಕೊಂಡು ಬಂದ ಮಾತುಗಳನ್ನು ಈಗ ಎಲ್ಲಿ ಇಡುವುದು? ನೀವು ನನ್ನನ್ನ ಏನಂತ ತಿಳ್ಕೊಂಡೀರಿ ಎಂದು ಶುರುವಾಗುವ ಒಂದು ದೊಡ್ಡ ಭಾಷಣವೇ ಇತ್ತು. ಕೇಳುವವರು ನಗುತ್ತಿದ್ದರು, ಅದೂ ಅವನನ್ನು ನೋಡಿ ಅಲ್ಲ. ಮರಿಬಸಪ್ಪ ಗೋಡೆಗೆ ಅಂಟಿಕೊಂಡು, ಗೇಣಗಲ ನೆರಳಿನಲ್ಲಿ ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗ ಬಿಟ್ಟು, ಬಾರೋ ಅಂದರು. ಆ ದನಿಯಲ್ಲಿ ಅವರು ಅವನೊಡನೆ ಎಂದೂ ಮಾತಾಡಿರಲಿಲ್ಲ. ಹಂಪೇಶನ ದವಡೆ ಮತ್ತೆ ಬಿಗಿಯಿತು, ಎಸಿಯಲ್ಲಿ ಬಿಗಿದ ಹಾಗೆ. ಬೈದಿದ್ದರೆ ಎದ್ದು ಕುಣಿಯುತ್ತಿದ್ದ. ಇದಕ್ಕೆ ಏನು ಮಾಡಬೇಕೆಂದು ಅವನ ಮೈಗೆ ಯಾರೂ ಕಲಿಸಿರಲಿಲ್ಲ. ಮೈಯ ಜಿಡ್ಡೆಲ್ಲ ಬಿರುಸಾದವನ ಹಾಗೆ ಹೋಗಿ ಅವರ ಪಕ್ಕ ನಿಂತ. ಪೂಜಾರಿ ಬಂದ, ಬಾಗಿಲು ತೆಗೆದ, ಒಳಗೆ ಕಲ್ಲಿನ ಬಸವಣ್ಣ ಅಷ್ಟು ದೊಡ್ಡ ಮೈಯನ್ನು ತಣ್ಣಗೆ ಕತ್ತಲಲ್ಲಿ ಮಡಿಸಿಕೊಂಡು ಕೂತಿದ್ದ. ಆಣೆಯ ಮಾತನ್ನು ಯಾರೂ ಎತ್ತಲಿಲ್ಲ. ಕೊಟ್ರಬಸಮ್ಮ ಕಾಯಿ ಒಡೆಸಿದಳು, ತತ್ತಿಯ ಲೆಕ್ಕಕ್ಕೆ ಇನ್ನೊಂದು.

ಹೊರಗೆ ಬಂದ ಮೇಲೆ ಮರಿಬಸಪ್ಪ ಸೋಡಾ ಅಂಗಡಿಯ ಮುಂದೆ ನಿಂತು ಎರಡು ಗೋಲಿ ಸೋಡಾ ಒಡೆಸಿದರು, ಒಂದನ್ನು ಅವನ ಕೈಗಿಟ್ಟರು. ಬಾಟಲಿ ಎಷ್ಟು ತಣ್ಣಗಿತ್ತೆಂದರೆ ಕೈ ಬದಲಿಸಬೇಕಾಯಿತು. ಕಟ್ಟೆಯ ಮೇಲೆ ಕೂತು ಇಬ್ಬರೂ ಸುಟ್ಟ ಕಾಲನ್ನು ಮುಂದೆ ಚಾಚಿಕೊಂಡರು. ಬಾಟಲಿಯೊಳಗೆ ಗೋಲಿಗಳು ಕಟಕಟ ಅಂದವು.

"ಹಸಿ ಐತಿ ಅಂತ ನೀ ಹೇಳಿದ್ದಿ," ಎಂದರು ಮರಿಬಸಪ್ಪ ರಸ್ತೆ ನೋಡುತ್ತ.

ಈ ಮಾತಿಗೆ ಇಷ್ಟು ದಿನ ಕಾದಿದ್ದ. ಈಗ ಬಂದಾಗ ಅದು ಸೋಡಾದ ಜೊತೆ ಕೆಳಗಿಳಿದು, ಎಲ್ಲಿ ಹೋಯಿತೋ ಗೊತ್ತಾಗದೆ ಹೋಯಿತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಬೆಂಕಿ ಹಂಪೇಶಿ ಎಂಬ ಹೆಸರು ಸಂಜೆಯೊಳಗೆ ಕರೂರಿನಿಂದ ಎದ್ದುಹೋಗಿ ಅದರ ಜಾಗಕ್ಕೆ ಮೈಲಾರಪ್ಪನ ತತ್ತಿ ಬಂದು ಕೂರುವುದು ಖಾತ್ರಿಯಿತ್ತು. ಆದರೆ ಅಂಗಾಲು ಉರಿಯುತ್ತಿತ್ತು.

"ಅಷ್ಟು ಗಟ್ಟಿ ತುಳಿದಾಂವ ನಾನ ರೀ. ಸಿಟ್ಟೀಲೆ ತುಳಿದ್ನಿ."

ಮರಿಬಸಪ್ಪ ಬಾಟಲಿ ಎತ್ತಿ ತಳದಲ್ಲಿ ಉಳಿದದ್ದನ್ನು ಕುಡಿದರು, ಹೆಗಲ ಮೇಲಿನ ಟವೆಲಿನಿಂದ ಮೀಸೆ ಒರೆಸಿಕೊಂಡರು.

"ಗೊತ್ತೈತಿ, ಕಟ್ಟಿ ಮ್ಯಾಲಿಂದ ನೋಡಾಕತ್ತಿದ್ನೆಲ್ಲ. ಹುಡುಗನ್ನ ಒಂದ್ ಮಾತು ಅಂದ್ರ ಕೆಲಸ ಭಾಳ ಚೊಲೋ ಮಾಡ್ತಾನ ಅಂತ ಖುಷಿ ಪಟ್ಟಿದ್ನಿ."

ಹಂಪೇಶ ಅವರ ಮುಖ ನೋಡಿದ. ಸಿಟ್ಟು ಬರಬೇಕಾದ ಜಾಗ ಅದು, ಸರಿಯಾಗಿ ಅದೇ. ಕಾದ; ಒಳಗೆ ಒಂದಿಷ್ಟು ಅಲುಗಿತು, ಮತ್ತೆ ಮಗ್ಗಲು ಬದಲಿಸಿ ಸುಮ್ಮನಾಯಿತು. ಮುದುಕ ಅವನ ಮಗ್ಗುಲಲ್ಲಿದ್ದ ಚೀಲವನ್ನು ಕಾಲ್ಬೆರಳಿನಿಂದ ಮುಟ್ಟಿ, ಇದರಾಗೇನೈತಿ, ಆಗಿಂದ ಕೂಸಿನಂಗ ಹಿಡಕೊಂಡೀಯಲ್ಲ ಎಂದು ಕೇಳಿದರು. ನಿಮ್ಮ ಬಣವಿ ರೀ ಅಂದ. ಅವರು ಬಗ್ಗಿ ಒಳಗೆ ನೋಡಿ, ಬೂದಿಯಾದದ್ದನ್ನು ಯಾಕ ಹೊತ್ಕೊಂಡು ತಿರಗತೀಯೋ, ಎಲ್ಲಾ ಸುಟ್ಟು ಸತ್ತು ಹೋಗೈತಿ, ಚರಂಡಿಗೆ ಒಗಿ ಎಂದು ಕೈ ಚಾಚಿದರು.

"ಸತ್ತಿಲ್ರಿ, ಮಲ್ಕೊಂಡಾವ," ಎಂದು ಹಂಪೇಶ ಚೀಲವನ್ನು ತನ್ನ ಕಡೆ ಎಳೆದುಕೊಂಡ. "ಚಳಿ ಐತಂತ ಅವಕ್ಕ."

ಮರಿಬಸಪ್ಪ ಅವನನ್ನು ನೋಡಿದರು, ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದರು. ಆಮೇಲೆ ಎದ್ದು, ಟವೆಲು ಝಾಡಿಸಿ, ಇನ್ನೆರಡು ಸೋಡಾ ಹೇಳಿದರು.